ಪಲ್ಪರ್ ಮನೆಯನ್ನು ಬದಿಯಿಂದ ನೋಡಿ

ಕೊಡಗಿನ ಹಳೇ ಕಾಫಿ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಅಂದರೆ ಪಲ್ಪರ್, ಇರುವ ಮನೆಯ ಚಿತ್ರವನ್ನು ಎದುರಿನಿಂದ ತೆಗೆದರೆ ಬರೀ ಹೆಂಚಿನ ಶೆಡ್ಡು ಕಾಣುತ್ತದೆ. ಅದು ಇಳಿಜಾರಿಗೆಂದೇ ಕಟ್ಟಿದ ಕಟ್ಟಡ. ಮೇಲ್ಗಡೆ ಹಣ್ಣು ಸುರಿಯುವ ತೊಟ್ಟಿ, ಕೆಳಗೆ ಪಲ್ಪರ್, ಅದಕ್ಕೂ ಕೆಳಗೆ ಬೀಜದ ಲೋಳೆ ಬಿಡಿಸಲು ಹುಳಿ ಬರಿಸುವ ಸಿಮೆಂಟ್ ತೊಟ್ಟಿ, ತೊಳೆಯುವ ಕಾಲುವೆ, ಕೊನೆಗೆ ಕಣ. ನೀರು ಹರಿದ ದಾರಿಯೇ ಅದರ ನಕ್ಷೆ. ಕಡಿಮೆ ನೀರಿನಲ್ಲಿ ಲೋಳೆಯನ್ನೂ ತೆಗೆಯುವ ಹೊಸ ಯಂತ್ರಗಳು ಬಂದ ಮೇಲೆ ಈ ತೊಟ್ಟಿಗಳಿಗೆ ಕೆಲಸವಿಲ್ಲ, ಇಂಥ ಮನೆಗಳ ಮಾಡು ಇಳಿಸುತ್ತಿದ್ದಾರೆ. ಆದ್ದರಿಂದ ನನ್ನ ಮೊದಲ ಚಿತ್ರ ಬದಿಯದ್ದು, ಎಲ್ಲ ಹಂತಗಳೂ ಒಟ್ಟಿಗೆ ಕಾಣುವಂಥದ್ದು.

ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ಎದುರಿನ ಬರೆ (ಮಣ್ಣಿನ ದಿಬ್ಬ) ಹತ್ತಿ, ಗೋಡೆಯ ಅರ್ಧ ಎತ್ತರಕ್ಕೆ ಟ್ರೈಪಾಡ್ ನಿಲ್ಲಿಸಿ ಮಟ್ಟ ನೋಡಿಕೊಳ್ಳುತ್ತೇನೆ. ಬಿಸಿಲೇರಿದರೆ ಸಿಲ್ವರ್ ಓಕ್ ನೆರಳು ಹೆಂಚಿನ ಮೇಲೆಲ್ಲ ಮಚ್ಚೆ ಮಚ್ಚೆಯಾಗಿ ಬೀಳುತ್ತದೆ. ಮಂಜು ಕರಗುವ ಮೊದಲೇ ಮುಗಿಸಬೇಕು.

ಒಳಗಿನ ಕೆಲಸ ಕಷ್ಟ. ಹೆಂಚು ಬಿದ್ದ ಕಿಂಡಿಯಲ್ಲಿ ಕಣ್ಣು ಕುಕ್ಕುವ ಬೆಳಕು, ಮೂಲೆಯಲ್ಲಿ ಕಗ್ಗತ್ತಲು. ಕ್ಯಾಮೆರಾದ ಬೆಳಕಿನ ಸಂವೇದನೆ ಐಎಸ್‌ಒ 100, ಲೆನ್ಸಿನ ದ್ವಾರ ಎಫ್/8 ಇಟ್ಟು 1/8, 1/2, 2, 8, 30 ಸೆಕೆಂಡಿನ ಐದು ಚಿತ್ರ ತೆಗೆದು, ಆಮೇಲೆ ಒಂದಾಗಿ ಸೇರಿಸುತ್ತೇನೆ. ಅಟ್ಟದ ಹಲಗೆ ಮೇಲೆ ಒಂದು ಹೆಜ್ಜೆ ಇಟ್ಟರೂ ಐದೂ ಒಂದಕ್ಕೊಂದು ಹೊಂದುವುದಿಲ್ಲ. ಟೈಮರ್ ಹಾಕಿ ಅಲ್ಲಾಡದೆ ನಿಲ್ಲಬೇಕು. ಸಾಫ್ಟ್‌ವೇರ್ ತಾನಾಗಿ ಜೋಡಿಸಿದರೆ ಕತ್ತಲೆಯೇ ಅಳಿಸಿಹೋಗುತ್ತದೆ. ಕಿಂಡಿಗೆ 1/8ರದ್ದು, ಗೋಡೆಗೆ 2 ಸೆಕೆಂಡಿನದ್ದು ಎಂದು ಕೈಯಾರೆ ಸೇರಿಸುತ್ತೇನೆ. ಪಕಾಸು, ರೀಪು ನೆರಳಲ್ಲೇ ಇರಲಿ, ಆ ಮನೆ ಇದ್ದದ್ದೇ ಹಾಗೆ. ಬಾಗಿಲಿನಾಚೆಯ ಕಾಫಿ ಎಲೆಯ ಹಸಿರು ಸುಣ್ಣದ ಗೋಡೆಗೆ ಹತ್ತುತ್ತದೆ. ಒಳಗೇ ಬೂದು ಕಾರ್ಡ್ ಇಟ್ಟು ಒಂದು ಚಿತ್ರ ತೆಗೆದುಕೊಂಡರೆ ಬಣ್ಣ ಸರಿಪಡಿಸಬಹುದು.

ಪಲ್ಪರ್ ಡ್ರಮ್ಮಿನ ತಾಮ್ರದ ತಗಡಿಗೆ ಸಮಯ ಕೊಡಿ. ಅದರ ಮೈತುಂಬ ಸಣ್ಣ ಉಬ್ಬುಗಳು. ಹಣ್ಣು ಉಜ್ಜಿದಲ್ಲಿ ಸವೆದು ಮಿರುಗುತ್ತವೆ, ಅಂಚಿನಲ್ಲಿ ಹಸಿರು ಕಿಲುಬು. ಎದುರಿಂದ ಫ್ಲ್ಯಾಷ್ ಹಾಕಿದರೆ ಎಲ್ಲ ಚಪ್ಪಟೆ. ಟಾರ್ಚನ್ನು ತಗಡಿಗೆ ಹೆಚ್ಚುಕಡಿಮೆ ತಾಗುವಂತೆ ಓರೆಯಾಗಿ ಹಿಡಿದರೆ ಒಂದೊಂದು ಉಬ್ಬಿಗೂ ನೆರಳು ಹುಟ್ಟುತ್ತದೆ.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಖಂಡಿತ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಎಸಿ ಕಾರಿನಿಂದ ಇಳಿದ ತಕ್ಷಣ ಬ್ಯಾಗ್ ತೆರೆಯಬೇಡಿ, ಅರ್ಧ ಗಂಟೆ ಬಿಡಿ.

ಒಪ್ಪಿಗೆ ಕೇಳುವಾಗಲೇ, ಮಾಡು ಇಳಿಸುವ ದಿನ ತಿಳಿಸಿ ಎಂದು ತೋಟದ ಲೆಕ್ಕ ಬರೆಯುವ ರೈಟರಿಗೆ ನಂಬರ್ ಕೊಟ್ಟಿರುತ್ತೇನೆ. ಮೊದಲು ಹೋಗುವುದು ಹೆಂಚು. ಒಂದನ್ನು ಮಗುಚಿ ಅದರಲ್ಲಿ ಒತ್ತಿದ ಕಾರ್ಖಾನೆಯ ಹೆಸರನ್ನೂ ಓರೆ ಬೆಳಕಿನಲ್ಲೇ ತೆಗೆಯಿರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗೆಂದು ಹೆಸರೊಂದರಿಂದಲೇ ಕಟ್ಟಡದ ವಯಸ್ಸು ಬರೆಯಬೇಡಿ; ಒಡೆದ ಹೆಂಚಿನ ಜಾಗಕ್ಕೆ ಬೇರೆ ಕಡೆಯದ್ದು ಸೇರಿರುತ್ತದೆ. ಮಾಡಿನ ನಾಲ್ಕು ಕಡೆಯಿಂದ ಒಂದೊಂದು ತೆಗೆದು ಹೋಲಿಸಿ.