ಕೊಳೆತ ಅಡಿಕೆ ಮತ್ತು ನನ್ನ ರೆಕಾರ್ಡ್ ಪುಸ್ತಕ

ಮೊದಲ ಸೆಮಿಸ್ಟರಿನ ನನ್ನ ರೆಕಾರ್ಡ್ ಪುಸ್ತಕದ ಒಂಬತ್ತನೇ ಪುಟದಲ್ಲಿ ಈರುಳ್ಳಿ ಬೇರಿನ ತುದಿಯ ಕೋಶ ವಿಭಜನೆಯ ಚಿತ್ರವಿದೆ. ಚಿತ್ರ ಚೆನ್ನಾಗಿಯೇ ಇದೆ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್ ನಾಲ್ಕೂ ಹಂತಗಳು ಮದುವೆಯ ಫೋಟೋಕ್ಕೆ ನಿಂತ ಬೀಗರ ಹಾಗೆ ಸಾಲಾಗಿ ನಿಂತಿವೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೀಟು. ಕೆಳಗೆ ನಮ್ಮ ಸಸ್ಯಶಾಸ್ತ್ರದ ಮೇಡಂ ಬರೆದ ಮೂರು ಪದ: ‘ನೀನು ನೋಡಿದ್ದು ಎಲ್ಲಿ?’

ನಾನು ನೋಡಿರಲಿಲ್ಲ. ಸೀನಿಯರ್ ಒಬ್ಬಳ ರೆಕಾರ್ಡಿನಿಂದ ಇಳಿಸಿಕೊಂಡಿದ್ದೆ. ಅವಳು ತನ್ನ ಸೀನಿಯರ್‌ದರಿಂದ ಇಳಿಸಿಕೊಂಡಿದ್ದಳು. ಆ ಚಿತ್ರದ ವಂಶಾವಳಿ ಹುಡುಕುತ್ತ ಹೋದರೆ ಯಾವುದೋ ಹಳೆಯ ಪಠ್ಯಪುಸ್ತಕದ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಅಷ್ಟು ತಲೆಮಾರುಗಳಲ್ಲಿ ಒಬ್ಬರಾದರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರೋ ಇಲ್ಲವೋ!

ಅವಮಾನವಾಯಿತು ಅನ್ನುವುದಕ್ಕಿಂತ ಸಿಟ್ಟು ಬಂದಿತ್ತು. ಪಿಯುಸಿಯ ಎರಡು ವರ್ಷ ನಾನು ಜೀವಶಾಸ್ತ್ರದಲ್ಲಿ ತರಗತಿಗೇ ಮುಂದಿದ್ದವಳು. ಆಗ ಜೀವಶಾಸ್ತ್ರವೆಂದರೆ ನಾಲ್ಕು ಆಯ್ಕೆಗಳಲ್ಲಿ ಒಂದು. ನೀಟ್‌ನಲ್ಲಿ ಉತ್ತರಿಸಬೇಕಾದ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, 720 ಅಂಕಗಳಲ್ಲಿ 360 ಅದಕ್ಕೇ. ಹಾಗಾಗಿ ಕೋಚಿಂಗ್‌ನಲ್ಲಿ ನಮ್ಮಿಂದ ಪುಸ್ತಕದ ಸಾಲುಗಳನ್ನು ಮಂತ್ರದಂತೆ ಹೇಳಿಸುತ್ತಿದ್ದರು. ಎರಡು ವರ್ಷದಲ್ಲಿ ಅಲ್ಲಿ ಒಂದು ಎಲೆಯನ್ನೂ ಯಾರೂ ಮುಟ್ಟಿ ತೋರಿಸಲಿಲ್ಲ. ನನಗೆ ಬಂದ ಅಂಕಕ್ಕೆ ಸರ್ಕಾರಿ ಸೀಟು ಸಿಗಲಿಲ್ಲ. ದುಡ್ಡು ಕೊಟ್ಟು ಓದುವುದು ಶಿರಸಿ ಹತ್ತಿರದ ಎರಡು ಎಕರೆ ಅಡಿಕೆ ತೋಟದ ಮನೆಗೆ ಆಗುವ ಮಾತಲ್ಲ. ಧಾರವಾಡಕ್ಕೆ ಬಂದು ಬಿಎಸ್ಸಿ ಸೇರಿದೆ. ಸೇರಿದಾಗ ನನ್ನ ಮುಖ ಹೇಗಿತ್ತೆಂದು ಹಾಸ್ಟೆಲಿನ ಗೆಳತಿಯರು ಈಗಲೂ ಅಣಕಿಸಿ ತೋರಿಸುತ್ತಾರೆ.

ಕೆಂಪು ಗೀಟು ಬಿದ್ದ ವಾರ ಒಂದು ಈರುಳ್ಳಿಯ ಒಣಬೇರು ಕೆರೆದು, ನೀರು ತುಂಬಿದ ಗಾಜಿನ ಲೋಟದ ಬಾಯಿಯ ಮೇಲೆ ಕೂರಿಸಿ ಹಾಸ್ಟೆಲಿನ ಕಿಟಕಿಯಲ್ಲಿಟ್ಟೆ. ನಾಲ್ಕನೇ ದಿನಕ್ಕೆ ಎರಡು ಸೆಂಟಿಮೀಟರ್ ಬೇರು ಬಂದಿತ್ತು. ಬೆಳಿಗ್ಗೆಯೇ ಕತ್ತರಿಸಿ, ಮೂರು ಪಾಲು ಆಲ್ಕೋಹಾಲಿಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಟ್ಟೆ. ಆಮೇಲೆ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೊಕಾರ್ಮಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಇಟ್ಟು, ಪೆನ್ಸಿಲಿನ ಹಿಂಬದಿಯಿಂದ ತಟ್ಟಿ, ಒತ್ತುಕಾಗದದ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಕವರ್‌ಸ್ಲಿಪ್ ಒಡೆಯಿತು. ಎರಡನೆಯದು ಒಡೆಯಲಿಲ್ಲ, ಆದರೆ ಕಂಡದ್ದೆಲ್ಲ ಉದ್ದುದ್ದ ಕೋಶಗಳು. ಒಂದೂ ವಿಭಜನೆಯಾಗುತ್ತಿರಲಿಲ್ಲ. ತುದಿಯ ಒಂದೆರಡು ಮಿಲಿಮೀಟರಿನಲ್ಲಿ ಮಾತ್ರ ಕೋಶಗಳು ವಿಭಜನೆಯಾಗುತ್ತವೆ, ಅದಕ್ಕಿಂತ ಮೇಲೆ ಬರೀ ಉದ್ದವಾಗುತ್ತವೆ ಎಂದು ನಾನೇ ಎಷ್ಟು ಸಲ ಪರೀಕ್ಷೆಯಲ್ಲಿ ಬರೆದಿದ್ದೆ! ಕತ್ತರಿಸುವಾಗ ಕೈಗೆ ಅದು ನೆನಪಾಗಲಿಲ್ಲ. ಮೂರನೆಯದನ್ನು ಆಮ್ಲದಲ್ಲಿ ಮರೆತು ಗಂಜಿ ಮಾಡಿದೆ.

ನಾಲ್ಕನೆಯದರಲ್ಲಿ ಕಂಡಿತು. ಪುಸ್ತಕದಲ್ಲಿರುವಂತೆ ಸಾಲಾಗಿ ಅಲ್ಲ. ಸಂತೆಯಲ್ಲಿ ಜನ ನಿಂತ ಹಾಗೆ, ಅಡ್ಡಾದಿಡ್ಡಿ. ಇನ್ನೂರು ಕೋಶ ಎಣಿಸಿದರೆ ಇಪ್ಪತ್ತು ಕೂಡ ವಿಭಜನೆಯಲ್ಲಿರಲಿಲ್ಲ, ಉಳಿದವೆಲ್ಲ ಸುಮ್ಮನೆ ಇದ್ದವು. ಒಂದು ಮೆಟಾಫೇಸ್ ಸಿಕ್ಕಿತು. ಈರುಳ್ಳಿಗೆ 16 ವರ್ಣತಂತುಗಳು. ನಾನು ಎಣಿಸುತ್ತ ಹದಿಮೂರರವರೆಗೆ ಬಂದೆ. ಮತ್ತೆ ಎಣಿಸಿದೆ, ಮತ್ತೂ ಹದಿಮೂರೇ. ಹದಿನಾರು ಬಿಡಿಸಲು ಪೆನ್ಸಿಲ್ ಎತ್ತಿದವಳು ಕೆಂಪು ಗೀಟು ನೆನಪಾಗಿ ಹದಿಮೂರೇ ಬಿಡಿಸಿ, ‘ಉಳಿದವು ಒಂದರ ಮೇಲೊಂದು ಬಿದ್ದಿವೆ, ಬಿಡಿಸಿ ಎಣಿಸಲು ಆಗಲಿಲ್ಲ’ ಎಂದು ಬರೆದೆ. ಮೇಡಂ ಆ ಪುಟಕ್ಕೆ ಏನೂ ಹೇಳದೆ ಸಹಿ ಹಾಕಿದರು.

ಅವತ್ತಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡೆ. ಎಡಪುಟದಲ್ಲಿ ನಾನು ಕಂಡದ್ದು, ಬಲಪುಟದಲ್ಲಿ ಓದಿದ್ದು ಅಥವಾ ಕೇಳಿದ್ದು. ನಿಯಮ ಅಷ್ಟೇ. ಮೊದಲ ಎರಡು ತಿಂಗಳು ಬಲಪುಟಗಳು ತುಂಬಿ ತುಳುಕುತ್ತಿದ್ದವು, ಎಡಗಡೆ ಬಿಳಿ. ಆ ಬಿಳಿ ನೋಡಿಯೇ ನನಗೆ ನಾಚಿಕೆಯಾಗಿ ಲ್ಯಾಬಿನಲ್ಲಿ ಹೆಚ್ಚು ಹೊತ್ತು ಕೂರತೊಡಗಿದೆ. ಎರಡನೇ ಸೆಮಿಸ್ಟರಿನಲ್ಲಿ ಇಂಟರ್ನಲ್ ಅಂಕಗಳು ಇಳಿದವು. ಪ್ರಶ್ನೆಗೆ ಬೇಕಾದ ಎಂಟು ಅಂಶ ಬರೆಯುವ ಬದಲು ಮೂರು ಅಂಶಕ್ಕೆ ವಿವರಣೆ ಬರೆದು ಬರುತ್ತಿದ್ದೆ. ಪರೀಕ್ಷೆಗೆ ಓದುವುದು ಬೇರೆ ಕಸುಬು, ಅದನ್ನೂ ಉಳಿಸಿಕೊಳ್ಳಬೇಕು ಎಂದು ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಇಂಗ್ಲಿಷ್ ತೊಡಕು ಬೇರೆ ಇತ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಉರುಹೊಡೆದು ದಾಟಿದ್ದೆ, ಡಿಗ್ರಿಯಲ್ಲಿ ಅದು ನಡೆಯಲಿಲ್ಲ. ಪ್ರತಿ ಹೆಸರನ್ನೂ ಮುರಿದು ನೋಡುವುದನ್ನು ರೂಢಿಸಿಕೊಂಡೆ. ಅಡಿಕೆಗೆ ಕೊಳೆರೋಗ ತರುವ ಜೀವಿ ಫೈಟೊಫ್ತೊರಾ, ಹಾಗೆಂದರೆ ಗ್ರೀಕಿನಲ್ಲಿ ಗಿಡಗಳನ್ನು ಹಾಳುಮಾಡುವುದು. ಅಡಿಕೆಯ ವೈಜ್ಞಾನಿಕ ಹೆಸರು ಅರೆಕಾ ಕಟೆಚು. ಆ ಅರೆಕಾ ಮಲಯಾಳದ ‘ಅಡಕ್ಕ’ದಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಲ್ಯಾಟಿನ್ ಸೇರಿದ್ದು. ನಮ್ಮ ‘ಅಡಿಕೆ’ಯ ಒಡಹುಟ್ಟು. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ನಮ್ಮ ಹಿತ್ತಿಲಿನ ಮಾತು ಲ್ಯಾಟಿನ್ ವೇಷ ಹಾಕಿ ಗ್ರಂಥಾಲಯದ ದಪ್ಪ ಪುಸ್ತಕದಲ್ಲಿ ಕೂತಿರುವುದನ್ನು ಕಂಡ ದಿನ ಇಂಗ್ಲಿಷಿನ ಭಯ ಅರ್ಧ ಇಳಿಯಿತು.

ಕೊಳೆರೋಗ ನಮ್ಮ ಮನೆಯಲ್ಲಿ ಪಾಠವಲ್ಲ, ಆತಂಕ. ಮಳೆ ಬಿಡದೆ ಹೊಡೆದ ವರ್ಷ ತೋಟದಲ್ಲಿ ಎಳೆಗಾಯಿ ಉದುರುವ ಸದ್ದು ಕೇಳಿದರೆ ಅಪ್ಪಯ್ಯನ ಊಟ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಐದನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿಗೆ ವಿಷಯ ಕೇಳಿದಾಗ ನನಗೆ ಯೋಚಿಸುವುದೇ ಇರಲಿಲ್ಲ. ರಜೆಗೆ ಊರಿಗೆ ಹೋದವಳು ಮಹಾ ಪಂಡಿತಳ ಹಾಗೆ, ಚಹಾ ಕುಡಿಯುತ್ತ, “ಅಪ್ಪಯ್ಯ, ಅಡಿಕೆಗೆ ಕೊಳೆರೋಗ ತರುವುದು ಶಿಲೀಂಧ್ರವೇ ಅಲ್ಲ” ಎಂದೆ.

ಅದು ನಿಜ. ಫೈಟೊಫ್ತೊರಾದ ಕೋಶಭಿತ್ತಿಯಲ್ಲಿ ಇರುವುದು ಶಿಲೀಂಧ್ರಗಳ ಕೈಟಿನ್ ಅಲ್ಲ, ಗಿಡಗಳಲ್ಲಿರುವಂಥ ಸೆಲ್ಯುಲೋಸ್. ನೋಡಲು ಬೂಷ್ಟಿನಂತಿದ್ದರೂ ಅದರ ಹತ್ತಿರದ ನೆಂಟರು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು, ಸಮುದ್ರದ ಕಂದು ಪಾಚಿಗಳು. ಸಾಸಿವೆ ಗಿಡಕ್ಕೆ ರೋಗ ತರುವ ಆಲ್ಬ್ಯೂಗೊ ಕೂಡ ಇದೇ ಗುಂಪಿನದು. ಪಿಯುಸಿ ಪುಸ್ತಕದಲ್ಲಿ ಅದು ಶಿಲೀಂಧ್ರಗಳ ಸಾಲಿನಲ್ಲಿತ್ತು, ಹಾಗೆಂದು ಗುರುತು ಹಾಕಿದ್ದಕ್ಕೆ ನನಗೆ ಅಂಕವೂ ಬಂದಿತ್ತು. ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಮಹಾ ಕ್ಷಾಮಕ್ಕೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜೀವಿ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಅಪ್ಪಯ್ಯ ಕವಳ ಉಗಿದು ಬಂದು ಕೇಳಿದ: “ಆಯಿತು ಕೂಸೇ, ಶಿಲೀಂಧ್ರ ಅಲ್ಲ. ಹಾಗಾದರೆ ಮೈಲುತುತ್ತ ಯಾಕೆ ಕೆಲಸ ಮಾಡುತ್ತದೆ? ಮತ್ತೆ ರೋಗ ಬಂದ ಮೇಲೆ ಹೊಡೆದರೆ ಯಾಕೆ ಮಾಡುವುದಿಲ್ಲ?”

ನನ್ನ ಬಳಿ ಉತ್ತರವಿರಲಿಲ್ಲ. ಹೇಳಿದ್ದೆಲ್ಲ ಬಲಪುಟದ ಸರಕು.

ಧಾರವಾಡಕ್ಕೆ ಹಿಂದಿರುಗುವಾಗ ಕೊಳೆ ಹತ್ತಿದ ಹತ್ತು ಕಾಯಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ತುಂಬಿಕೊಂಡೆ. ಬಸ್ಸಿನಲ್ಲಿ ಪಕ್ಕದ ಅಜ್ಜಿ ಎರಡು ಸಲ ಮೂಗು ಮುಚ್ಚಿಕೊಂಡು, ಮೂರನೆಯ ಸಲ ಜಾಗ ಬದಲಿಸಿದರು. ಮರುದಿನ ಡಬ್ಬಿ ತೆರೆದರೆ ಕಾಯಿಗಳ ಮೇಲೆ ಹತ್ತಿ ಹಿಂಜಿದಂತೆ ಬಿಳಿ ಬೆಳವಣಿಗೆ. ಸೂಜಿಯ ತುದಿಯಷ್ಟು ತೆಗೆದು ನೋಡಿದರೆ ನಿಂಬೆಹಣ್ಣಿನ ಆಕಾರದ ಚೀಲಗಳು, ತುದಿಯಲ್ಲಿ ಸಣ್ಣ ಮೊನೆ. ಈ ಚೀಲಗಳಿಂದ ಈಜುವ ಬೀಜಕಗಳು ಹೊರಬರುತ್ತವೆಂದು ಪುಸ್ತಕ ಹೇಳುತ್ತದೆ. ಬರಬೇಕಾದರೆ ನೀರು ಬೇಕು, ಆ ನೀರು ಸ್ವಲ್ಪ ಹೊತ್ತು ತಣ್ಣಗಾಗಬೇಕು. ನಲ್ಲಿ ನೀರಿನಲ್ಲಿ ಹಾಕಿ, ಲ್ಯಾಬಿನ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ಹೊರಗೆ ತೆಗೆದು ಕಾದೆ. ಏನೂ ಆಗಲಿಲ್ಲ. ಸಂಜೆಯವರೆಗೆ ಕಾದೆ.

ಮುಂದಿನ ಸಲ ಊರಿನಿಂದ ಔಷಧಿ ಹೊಡೆಯದ ಮರದ ಕಾಯಿಗಳನ್ನು ತರಿಸಿ, ನಲ್ಲಿ ನೀರಿನ ಬದಲು ಬಟ್ಟಿ ಇಳಿಸಿದ ನೀರು ಬಳಸಿದೆ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷವಾಗಿತ್ತು. ಒಂದು ಚೀಲದೊಳಗೆ ಏನೋ ಮಿಸುಕಾಡಿತು. ಅಮೃತಶಿಲೆಯ ಗೋಲಿಗಳನ್ನು ತುಂಬಿದ ಚೀಲ ಒಳಗಿನಿಂದ ಕುದಿದಂತೆ. ಮೊನೆ ತೆರೆದುಕೊಂಡಿತು. ಒಂದರ ಹಿಂದೆ ಒಂದು, ಬಾಗಿಲಲ್ಲಿ ಸ್ವಲ್ಪ ಸಿಕ್ಕಿಕೊಂಡು, ನುಸುಳಿ, ಹೊರಬಿದ್ದೊಡನೆ ಈಜಿಹೋದವು. ಹನ್ನೊಂದರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಹಿಂದೆ ಉಳಿದ ಚೀಲ ಖಾಲಿ ಗಾಜಿನಂತೆ ಪಾರದರ್ಶಕ. ಈಜುತ್ತಿದ್ದವು ಸುತ್ತುತ್ತ, ಡಿಕ್ಕಿ ಹೊಡೆಯುತ್ತ, ಕೊನೆಗೆ ಸುಸ್ತಾದವರಂತೆ ನಿಂತು ಗುಂಡಗಾದವು. ಅವಕ್ಕೆ ಈಜಲು ಬಾಲದಂಥ ಎರಡೆರಡು ಕಶಾಂಗಗಳಿರುತ್ತವೆ. ನಮ್ಮ ಸೂಕ್ಷ್ಮದರ್ಶಕದಲ್ಲಿ ನನಗೆ ಅವು ಕಾಣಲಿಲ್ಲ. ಎಡಪುಟದಲ್ಲಿ ಕಶಾಂಗವಿಲ್ಲದೆಯೇ ಬಿಡಿಸಿದೆ.

ಓಡಿಹೋಗಿ ಮೇಡಂಗೆ ಹೇಳಿದರೆ ಅವರು ಬಂದು, ನೋಡಿ, ಸಂತೋಷಪಟ್ಟು, ನಂತರ ಕೇಳಿದರು: “ಕಾಯಿಯನ್ನೂ ಬದಲಿಸಿದೆ, ನೀರನ್ನೂ ಬದಲಿಸಿದೆ. ಯಾವುದರಿಂದ ಬಂತು?” ಮತ್ತೆ ಡಬ್ಬಿ, ಮತ್ತೆ ಬಸ್ಸು. ಔಷಧಿ ಹೊಡೆಯದ ಕಾಯಿಯನ್ನೇ ನಲ್ಲಿ ನೀರಿನಲ್ಲಿ ಹಾಕಿದೆ. ಒಂದೂ ಈಜಲಿಲ್ಲ. ಜೊತೆಗೇ ಇಟ್ಟ ಬಟ್ಟಿ ನೀರಿನದರಲ್ಲಿ ಈಜಿದವು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಈ ಬೀಜಕಗಳಿಗೆ ಗಟ್ಟಿ ಭಿತ್ತಿಯಿಲ್ಲ, ಬರೀ ಪೊರೆ. ಎಡಪುಟಕ್ಕೂ ಬಲಪುಟಕ್ಕೂ ನಡುವೆ ನಾನು ಬಾಣದ ಗುರುತು ಎಳೆದದ್ದು ಅವತ್ತು ಮೊದಲ ಸಲ.

ಅಪ್ಪಯ್ಯನ ಪ್ರಶ್ನೆಗೆ ಉತ್ತರವೂ ಅಲ್ಲೇ ಇತ್ತು. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅದಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ತಾಮ್ರ ಕಾಯಿಯ ಮೈಮೇಲೆ ಕೂತಿರುತ್ತದೆ, ನೀರಿನ ಹನಿಯಲ್ಲಿ ಚೂರುಚೂರೇ ಕರಗಿ ಈಜಿಬಂದ ಬೀಜಕವನ್ನು ಒಳಹೊಗುವ ಮೊದಲೇ ಕೊಲ್ಲುತ್ತದೆ. ಕಾಯಿಯೊಳಗೆ ಹೊಕ್ಕಮೇಲೆ ತಾಮ್ರದ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಮಳೆಗಾಲ ಹಿಡಿಯುವ ಮುಂಚೆ ಒಂದು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು. ಫ್ರಾನ್ಸಿನಲ್ಲಿ 1885ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಈ ದ್ರಾವಣವನ್ನು ಪ್ರಕಟಿಸಿದ್ದು ದ್ರಾಕ್ಷಿಯ ಬೂಜುರೋಗಕ್ಕೆ, ಅದನ್ನು ತರುವ ಜೀವಿಯೂ ಫೈಟೊಫ್ತೊರಾದ ಬಳಗದ್ದೇ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಅದಕ್ಕೆ ಈ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ್ದರಲ್ಲಿ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಲೇಪ ಬಂದರೆ ಸುಣ್ಣ ಸಾಲದು. ಚಿಕ್ಕಂದಿನಿಂದ ಆ ಕತ್ತಿ ಅದ್ದುವುದನ್ನು ನೋಡಿದ್ದೆ. ಕಬ್ಬಿಣ ಕರಗಿ ತಾಮ್ರ ಕೂರುವ ಕ್ರಿಯೆಯನ್ನು ಹತ್ತನೆಯ ತರಗತಿಯಲ್ಲಿ ಸಮೀಕರಣ ಸಮೇತ ಬರೆದಿದ್ದೆ. ಎರಡೂ ಒಂದೇ ಎಂದು ಹೊಳೆದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ!

ಅಜ್ಜ ಮಳೆಗಾಲಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಮುಚ್ಚುವ ಹೊದಿಕೆ, ಕಟ್ಟಿಸುತ್ತಿದ್ದ. ಆಗ ಹುಲ್ಲಿನದು, ಈಗ ಪ್ಲಾಸ್ಟಿಕ್. ಈಜಲು ನೀರೇ ಸಿಗದಂತೆ ಮಾಡುವ ಉಪಾಯ. ಅಜ್ಜನಿಗೆ ಬೀಜಕ ಗೊತ್ತಿರಲಿಲ್ಲ, ಮಳೆ ಗೊತ್ತಿತ್ತು.

ಪ್ರಾಜೆಕ್ಟಿನ ಎರಡನೇ ಭಾಗದಲ್ಲಿ ಕೊಟ್ಟೆ ಕಟ್ಟಿದ ಇಪ್ಪತ್ತು ಮರ, ಔಷಧಿ ಹೊಡೆದ ಇಪ್ಪತ್ತು ಮರಗಳ ಕೆಳಗೆ ವಾರಕ್ಕೊಮ್ಮೆ ಉದುರಿದ ಕಾಯಿ ಎಣಿಸಬೇಕಿತ್ತು. ನಾನು ಧಾರವಾಡದಲ್ಲಿದ್ದಾಗ ಅಪ್ಪಯ್ಯ ಎಣಿಸಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದ. ಕೊಟ್ಟೆಯ ಮರಗಳಲ್ಲಿ ಉದುರಿದ್ದು ಬಹಳ ಕಡಿಮೆ. ಚಂದದ ನಕ್ಷೆ ಬಿಡಿಸಿ ಒಯ್ದೆ. ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆಯನ್ನು ಪಕ್ಕಕ್ಕಿಟ್ಟು, “ಈ ಮರಗಳು ತೋಟದಲ್ಲಿ ಎಲ್ಲಿವೆ?” ಎಂದರು. ಕೊಟ್ಟೆ ಕಟ್ಟಿದ್ದು ಮೇಲಿನ ದರೆಯ ಬದಿಗೆ, ಗಾಳಿ ಬೆಳಕು ಆಡುವ ಕಡೆ. ಔಷಧಿ ಹೊಡೆದದ್ದು ಕೆಳಗೆ ಹಳ್ಳದ ಬದಿಗೆ, ಮಧ್ಯಾಹ್ನವೂ ಎಲೆ ಒಣಗದ ಕಡೆ. ಅಪ್ಪಯ್ಯನ ಅನುಕೂಲಕ್ಕೆ ಹಾಗೆ ಆಗಿತ್ತು, ನಾನು ಕೇಳಿರಲಿಲ್ಲ. ವ್ಯತ್ಯಾಸ ಕೊಟ್ಟೆಯದೋ ಜಾಗದ್ದೋ? “ಈ ಲೆಕ್ಕದಿಂದ ಹೇಳಲು ಬರುವುದಿಲ್ಲ ಸರ್” ಎಂದೆ. ಪಿಯುಸಿಯ ನಾನಾಗಿದ್ದರೆ ಏನಾದರೊಂದು ಆಯ್ಕೆಗೆ ಗುರುತು ಹಾಕುತ್ತಿದ್ದೆ. ಅಂಕ ನಾನು ಎಣಿಸಿದ್ದಕ್ಕಿಂತ ಕಡಿಮೆಯೇ ಬಂತು, ಅದು ಸರಿಯಾಗಿಯೂ ಇತ್ತು.

ಈಗ ಎಂಎಸ್ಸಿ ಸಸ್ಯಶಾಸ್ತ್ರದ ಮೊದಲ ವರ್ಷ. ಮೇ ಕೊನೆಯಲ್ಲಿ ಆಯಿ ಫೋನು ಮಾಡಿ ದೂರಿದಳು: ನಿನ್ನ ಅಪ್ಪಯ್ಯನಿಗೆ ತಲೆ ಕೆಟ್ಟಿದೆ, ಮರ ಏರುವ ಕೊನೆಗೌಡ ಬಂದು ಒಂದು ತಾಸಾಯಿತು, ಇನ್ನೂ ಎರಡು ಮರ ಏರಿಲ್ಲ. ಕೇಳಿದರೆ ಅಪ್ಪಯ್ಯ ಪ್ರತಿ ಮರದ ಬುಡದಲ್ಲೂ ನಿಂತು ಐದು ರೂಪಾಯಿಯ ನಾಣ್ಯ ಚಿಮ್ಮುತ್ತಿದ್ದಾನೆ, ಸಿಂಹ ಬಿದ್ದರೆ ಕೊಟ್ಟೆ, ಅಂಕಿ ಬಿದ್ದರೆ ಔಷಧಿ. ಪರೀಕ್ಷಕರ ಪ್ರಶ್ನೆಯನ್ನು ನಾನು ಒಮ್ಮೆ ಹೇಳಿದ್ದೆ ಅಷ್ಟೇ. ಆಯಿಯ ದನಿಯ ಹಿಂದೆ, ದೂರದಲ್ಲಿ, ಕೊನೆಗೌಡ ಕೂಗುವುದು ಕೇಳಿಸಿತು: “ಹೆಗಡೆಯವರೇ, ಬೇಗ ಹೇಳಿ, ಸಿಂಹವೋ ಅಂಕಿಯೋ? ಮೋಡ ಕಟ್ಟುತ್ತಿದೆ!”