ಲಿನಕ್ಸ್ ಒಳಗೆ ವಿಂಡೋಸ್ ಸಾಫ್ಟ್‌ವೇರ್ ಓಡಿಸೋದು ಹೇಗೆ? ಮೊದಲು ವೈನ್ ನೋಡಿ

ಲಿನಕ್ಸ್‌ಗೆ ಬಂದ್ಮೇಲೂ ಯಾವುದೋ ಒಂದು ಹಳೇ ವಿಂಡೋಸ್ ಸಾಫ್ಟ್‌ವೇರ್ ಬಿಡೋಕಾಗ್ದೆ ಒದ್ದಾಡೋರು ತುಂಬಾ ಜನ, ನಾನೂ ಅದೇ ಗುಂಪು. ನನ್ನದು ಲೇಬಲ್ ಪ್ರಿಂಟ್ ಮಾಡೋ ಪುಟ್ಟ ಪ್ರೋಗ್ರಾಂ, ಅದಕ್ಕೆ ಅಪ್‌ಡೇಟ್ ಬರೋದು ನಿಂತು ಎಷ್ಟೋ ವರ್ಷ ಆಯ್ತು, ಆದ್ರೆ ನನ್ನ ಫೈಲ್‌ಗಳೆಲ್ಲಾ ಅದರ ಫಾರ್ಮ್ಯಾಟಲ್ಲೇ ಇದಾವೆ. ಅದೊಂದಕ್ಕೋಸ್ಕರ ಒಂದೇ ಮಷೀನಲ್ಲಿ ಎರಡು ಓಎಸ್ ಹಾಕ್ಕೊಂಡು ದಿನಾ ರೀಸ್ಟಾರ್ಟ್ ಮಾಡ್ತಾ ಕೂತಿದ್ದೆ. ಈಗ ಆ ಕಷ್ಟ ಇಲ್ಲ.

ಹೆಚ್ಚಿನವರು ನೇರ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ನಕಲಿ ಕಂಪ್ಯೂಟರ್) ಹಾಕೋಕೆ ಹೋಗ್ತಾರೆ, ಒಂದು ಕಿಟಕಿ ತೆಗೆಯೋಕೆ ಇಡೀ ಮನೇನೇ ಕಟ್ಟಿದಂಗೆ. ಅದಕ್ಕೂ ಮೊದಲು ಒಂದೇ ಪ್ರಶ್ನೆ ಕೇಳ್ಕೊಳಿ: ಈ ಸಾಫ್ಟ್‌ವೇರ್ ಬರೀ ಫೈಲು, ಸ್ಕ್ರೀನು, ಪ್ರಿಂಟರು ಅಷ್ಟರಲ್ಲೇ ಕೆಲಸ ಮುಗಿಸತ್ತಾ, ಇಲ್ಲಾ ತನ್ನದೇ ಡ್ರೈವರ್ ಕೇಳತ್ತಾ? ಮೊದಲನೇದಾದ್ರೆ ವೈನ್ ಸಾಕು, ವಿಂಡೋಸ್ ಪ್ರೋಗ್ರಾಂಗಳನ್ನ ಲಿನಕ್ಸಲ್ಲೇ ಓಡಿಸೋ ಸಾಫ್ಟ್‌ವೇರ್ ಅದು. ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ ಥರದ ಪುಟ್ಟ ಸಾಧನ) ಚುಚ್ಚಿದ್ರೇನೇ ತೆರೆಯೋ ಸಾಫ್ಟ್‌ವೇರು, ಕರ್ನಲ್ ಮಟ್ಟದಲ್ಲಿ, ಅಂದ್ರೆ ಓಎಸ್‌ನ ತಿರುಳಲ್ಲೇ ಕೂರೋ ಆಂಟಿ ಚೀಟ್ (ಮೋಸದಾಟ ತಡೆಯೋ ಪ್ರೋಗ್ರಾಂ) ಇರೋ ಗೇಮು, ಇವಕ್ಕೆಲ್ಲಾ ವೈನ್ ನಂಬ್ಕೊಂಡು ಒಂದು ಭಾನುವಾರ ಹಾಳು ಮಾಡ್ಕೋಬೇಡಿ.

ವೈನ್ ಶುರುವಾಗಿದ್ದು 1993ರಲ್ಲಿ, ವಿಂಡೋಸ್ 3.1 ಕಾಲದಲ್ಲಿ. 1.0 ಅಂತ ಹೇಳ್ಕೊಳ್ಳೋಕೆ 2008ರವರೆಗೂ ಕಾಯ್ತು ಅಂದ್ರೆ ಕೆಲಸ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ. ಇದು ಎಮ್ಯುಲೇಟರ್ ಅಲ್ಲ, ಅಂದ್ರೆ ನಕಲಿ ಕಂಪ್ಯೂಟರ್ ಏನೂ ಇಲ್ಲಿ ಸೃಷ್ಟಿಯಾಗಲ್ಲ. ಇಎಕ್ಸ್ಇ ಫೈಲಲ್ಲಿರೋ ಇನ್‌ಸ್ಟ್ರಕ್ಷನ್‌ಗಳು ನಿಮ್ಮ ಪ್ರೊಸೆಸರ್ ಮೇಲೇ ನೇರ ಓಡ್ತವೆ, ಆ ಪ್ರೋಗ್ರಾಂ "ಈ ಫೈಲ್ ತೆಗಿ, ಅಲ್ಲೊಂದು ಬಟನ್ ಬಿಡಿಸು" ಅಂತ ವಿಂಡೋಸನ್ನ ಕೇಳಿದಾಗ ಮಾತ್ರ ವೈನ್ ನಡುವೆ ಕೂತು ಅದನ್ನ ಲಿನಕ್ಸಿಗೆ ಹೇಳತ್ತೆ, ಅದಕ್ಕೇ ವೇಗ ಅಷ್ಟೇನೂ ಕಮ್ಮಿ ಆಗಲ್ಲ. ಒಂದು ತಮಾಷೆ ಏನಂದ್ರೆ, 64 ಬಿಟ್ ವಿಂಡೋಸ್ ಮುಟ್ಟೋಕೂ ಒಪ್ಪದ 16 ಬಿಟ್ ಹಳೇ ಪ್ರೋಗ್ರಾಂಗಳನ್ನ ವೈನ್ ಎಷ್ಟೋ ಸಲ ಓಡಿಸಿಬಿಡತ್ತೆ.

ಸರಿ, ಕೆಲಸಕ್ಕೆ ಇಳಿಯೋಣ

ನಿಮ್ಮ ಡಿಸ್ಟ್ರೋದ (ನೀವು ಹಾಕ್ಕೊಂಡಿರೋ ಲಿನಕ್ಸ್ ಬಗೆಯ) ಸಾಫ್ಟ್‌ವೇರ್ ಸ್ಟೋರಿಂದಲೇ ವೈನ್ ಇನ್‌ಸ್ಟಾಲ್ ಮಾಡಿ, ಜೊತೆಗೆ ವೈನಿಗೆ ಬೇಕಾದ ಹೆಚ್ಚುವರಿ ಫೈಲು, ಫಾಂಟು ಇಳಿಸಿಕೊಡೋ ವೈನ್‌ಟ್ರಿಕ್ಸ್ ಕೂಡ. ಡೆಬಿಯನ್, ಉಬುಂಟು ಆದ್ರೆ 32 ಬಿಟ್ ಪ್ಯಾಕೇಜುಗಳಿಗೆ ಮೊದಲೇ ಪರ್ಮಿಷನ್ ಕೊಡಬೇಕಾಗಬಹುದು, ಇಲ್ದಿದ್ರೆ ಹಳೇ ಪ್ರೋಗ್ರಾಂ ಬಾಯೇ ಬಿಡಲ್ಲ.

ಈಗ ಎಲ್ಲರೂ ಎಡವೋ ಜಾಗ. ಏನೂ ಹೇಳದೇ ಓಡಿಸಿದ್ರೆ ವೈನ್ ನಿಮ್ಮ ಹೋಮ್ ಫೋಲ್ಡರಲ್ಲಿ ಚುಕ್ಕಿಯಿಂದ ಶುರುವಾಗೋ ಒಂದು ಅಡಗಿದ ಫೋಲ್ಡರ್ ಮಾಡಿ, ನೀವು ಹಾಕಿದ ಸಾಫ್ಟ್‌ವೇರೆಲ್ಲಾ ಅದರೊಳಗೇ ತುರುಕತ್ತೆ. ಒಂದಕ್ಕೆ ಅಂತ ಹಾಕಿದ ಲೈಬ್ರರಿ (ಪ್ರೋಗ್ರಾಂ ಬಳಸೋ ಸಹಾಯಕ ಫೈಲು) ಇನ್ನೊಂದನ್ನ ಕೆಡಿಸತ್ತೆ, ಆಮೇಲೆ ಯಾವುದು ಯಾಕೆ ಕೆಟ್ಟಿತು ಅಂತ ಗೊತ್ತೇ ಆಗಲ್ಲ. ಅದಕ್ಕೆ ಒಂದೊಂದು ಸಾಫ್ಟ್‌ವೇರಿಗೂ ಬೇರೆ ಬೇರೆ ಪ್ರಿಫಿಕ್ಸ್, ಅಂದ್ರೆ ಇಂಥದ್ದೇ ಬೇರೆ ಫೋಲ್ಡರ್, ಮಾಡಿ. ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ವೈನ್‌ಪ್ರಿಫಿಕ್ಸ್ (WINEPREFIX) ಅನ್ನೋ ವೇರಿಯಬಲ್, ಪೂರ್ತಿ ದೊಡ್ಡಕ್ಷರದಲ್ಲಿ, ಸಮ ಚಿಹ್ನೆ, ಹೊಸ ಫೋಲ್ಡರಿನ ಪೂರ್ತಿ ದಾರಿ, ಒಂದು ಸ್ಪೇಸ್, ಆಮೇಲೆ ವೈನ್‌ಸಿಎಫ್‌ಜಿ (winecfg) ಕಮಾಂಡ್, ಇಷ್ಟೂ ಒಂದೇ ಸಾಲಲ್ಲಿ. ಎಂಟರ್ ಒತ್ತಿ ಸ್ವಲ್ಪ ಹೊತ್ತು ಬಿಟ್ರೆ ಸೆಟ್ಟಿಂಗ್ಸ್ ಕಿಟಕಿ ಬರತ್ತೆ, ಆ ಫೋಲ್ಡರ್ ಒಳಗೆ ಇಣುಕಿದ್ರೆ ಡ್ರೈವ್ ಸಿ, ಅದರೊಳಗೆ ಪ್ರೋಗ್ರಾಂ ಫೈಲ್ಸ್, ವಿಂಡೋಸ್, ಎಲ್ಲಾ ಅಚ್ಚುಕಟ್ಟಾಗಿ ಕೂತಿರತ್ತೆ, ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡೋ ರಿಜಿಸ್ಟ್ರಿ ಕೂಡ ಸಾದಾ ಟೆಕ್ಸ್ಟ್ ಫೈಲು. ಟರ್ಮಿನಲ್ ಅಂದ್ರೆ ಆಗಲ್ಲ ಅನ್ನೋರು ಬಾಟಲ್ಸ್ ಅನ್ನೋ ಆ್ಯಪ್ ಹಾಕ್ಕೊಳಿ, ಇದೇ ಕೆಲಸಾನ ಮೌಸಲ್ಲೇ ಮಾಡಬಹುದು.

ಮುಂದೆ ಅದೇ ಪ್ರಿಫಿಕ್ಸ್ ಕೊಟ್ಟು, ವೈನ್‌ಸಿಎಫ್‌ಜಿ ಬದಲು ವೈನ್ ಅಂತ ಹಾಕಿ ಸೆಟಪ್ ಫೈಲ್ ಓಡಿಸಿ. ನಂದು ಸಲೀಸಾಗಿ ಇನ್‌ಸ್ಟಾಲ್ ಆಯ್ತು, ಐಕಾನ್ ಡಬಲ್ ಕ್ಲಿಕ್ ಮಾಡಿದ್ರೆ ಮಾತ್ರ ಏನೂ ಇಲ್ಲ, ಎರರ್ ಕೂಡ ಇಲ್ಲ. ಇಂಥ ಹೊತ್ತಲ್ಲಿ ಐಕಾನ್ ಬಿಟ್ಟು ಟರ್ಮಿನಲ್ಲಿಂದಲೇ ಓಡಿಸಿ ನೋಡಬೇಕು. ಸಾಲುಗಟ್ಟಲೆ ಬರತ್ತೆ, ಹೆದರಬೇಡಿ, ಫಿಕ್ಸ್‌ಮೀ ಅಂತ ಶುರುವಾಗೋ ಸಾಲನ್ನೆಲ್ಲಾ ಸದ್ಯಕ್ಕೆ ಬಿಟ್ಟುಬಿಡಿ, ಎರ್ (err) ಅಂತ ಇರೋದನ್ನ ಮಾತ್ರ ಓದಿ. ನನಗೆ ಎಂಎಫ್‌ಸಿ42 (mfc42) ಅನ್ನೋ ಡಿಎಲ್ಎಲ್, ಅಂದ್ರೆ ವಿಂಡೋಸ್ ಲೈಬ್ರರಿ ಫೈಲು, ಸಿಗ್ತಿಲ್ಲ ಅಂತ ಬಂತು. ವೈನ್‌ಟ್ರಿಕ್ಸ್‌ಗೆ ಅದೇ ಹೆಸರು ಕೊಟ್ಟೆ, ಅದೇ ಇಳಿಸ್ಕೊಂಡು ಜಾಗಕ್ಕೆ ಕೂರಿಸ್ತು, ಪ್ರೋಗ್ರಾಂ ಎದ್ದು ಬಂತು. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ವು, ವೈನ್‌ಟ್ರಿಕ್ಸಿಂದಲೇ ಕೋರ್‌ಫಾಂಟ್ಸ್ (corefonts) ಅನ್ನೋ ಫಾಂಟುಗಳನ್ನ ಹಾಕಿದ್ಮೇಲೆ ಅದೂ ಸರಿಹೋಯ್ತು. ಪ್ರಿಂಟರಿಗೆ ಏನೂ ಮಾಡಬೇಕಾಗಿಲ್ಲ, ಲಿನಕ್ಸಲ್ಲಿ ಕೆಲಸ ಮಾಡೋ ಪ್ರಿಂಟರ್ ವೈನಲ್ಲೂ ತಾನಾಗೇ ಕಾಣತ್ತೆ.

ಒಂದು ಎಚ್ಚರಿಕೆ: ವೈನ್ ಅಂದ್ರೆ ಬೇಲಿ ಅಲ್ಲ. ಅದರ ಝಡ್ ಡ್ರೈವ್ ಅಂದ್ರೆ ನಿಮ್ಮ ಇಡೀ ಲಿನಕ್ಸ್ ಫೈಲ್ ಸಿಸ್ಟಂ, ನೀವು ಮುಟ್ಟಬಹುದಾದ ಫೈಲನ್ನೆಲ್ಲಾ ಒಳಗಿನ ಪ್ರೋಗ್ರಾಮೂ ಮುಟ್ಟಬಹುದು. ಎಲ್ಲೆಲ್ಲಿಂದಲೋ ತಂದ ಕ್ರ್ಯಾಕ್ ಫೈಲ್ ಓಡಿಸಿ "ಲಿನಕ್ಸ್ ಅಲ್ವಾ, ಏನಾಗತ್ತೆ" ಅನ್ಕೋಬೇಡಿ. ವೈನ್‌ಸಿಎಫ್‌ಜಿಯಲ್ಲಿ ಝಡ್ ತೆಗೆದುಹಾಕಿದ್ರೂ ಅದು ಪರದೆ ಎಳೆದಷ್ಟೇ, ಗೋಡೆ ಅಲ್ಲ. ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಅಂತೂ ಯಾವತ್ತೂ ಓಡಿಸಬೇಡಿ.

ಇಷ್ಟಾದ್ರೂ ಆಗ್ಲಿಲ್ವಾ?

ಆವಾಗ ವರ್ಚುವಲ್ ಮಷೀನೇ ಗತಿ, ಅದಕ್ಕೆ ವರ್ಚುವಲ್‌ಬಾಕ್ಸ್ ಅಥವಾ ಕೆವಿಎಂ. ಬಯಾಸ್‌ಗೆ (ಓಎಸ್ ಶುರುವಾಗೋಕೂ ಮೊದಲಿನ ಸೆಟ್ಟಿಂಗ್ಸ್ ಪರದೆಗೆ) ಹೋಗಿ ವರ್ಚುವಲ್ ಮಷೀನಿಗೆ ನೆರವಾಗೋ ಪ್ರೊಸೆಸರ್ ಸೌಲಭ್ಯ, ಇಂಟೆಲ್ ಆದ್ರೆ ವಿಟಿ-ಎಕ್ಸ್, ಎಎಂಡಿ ಆದ್ರೆ ಎಎಂಡಿ-ವಿ, ಆನ್ ಇದೆಯಾ ನೋಡಿ. ವಿಂಡೋಸ್ 11 ಹಾಕೋದಾದ್ರೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಜೊತೆಗೆ ಟಿಪಿಎಂ 2.0 (ಭದ್ರತೆಯ ಚಿಪ್) ಕೇಳತ್ತೆ, ಲೈಸೆನ್ಸ್ ಬೇರೆ ಬೇಕು. ಡಾಂಗಲ್ಲನ್ನ ಯುಎಸ್‌ಬಿ ಸೆಟ್ಟಿಂಗಲ್ಲಿ ಒಳಗಿನ ವಿಂಡೋಸ್‌ಗೆ ಬಿಟ್ಟುಕೊಡಬಹುದು, ಎಲ್ಲಾ ಸರಿಯಾದ ಮೇಲೆ ಒಂದು ಸ್ನ್ಯಾಪ್‌ಶಾಟ್ (ಆಮೇಲೆ ವಾಪಸ್ ಹೋಗಬಹುದಾದ ಆ ಕ್ಷಣದ ಸ್ಥಿತಿ) ತೆಗೆದಿಡಿ.

ವೈನಲ್ಲೇ ಕೆಲಸ ಆದವರಿಗೆ ಬ್ಯಾಕಪ್ ಇನ್ನೂ ಸುಲಭ, ಪ್ರಿಫಿಕ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ರೆ ಮುಗೀತು. ಯೂಸರ್‌ನೇಮ್ ಮಾತ್ರ ಹೊಸ ಮಷೀನಲ್ಲೂ ಹಳೇದೇ ಇಟ್ಕೊಳಿ, ಯಾಕಂದ್ರೆ ಡ್ರೈವ್ ಸಿ ಒಳಗಿನ ನಿಮ್ಮ ಸೆಟ್ಟಿಂಗ್ಸ್ ಇರೋದು ಅದೇ ಹೆಸರಿನ ಫೋಲ್ಡರಲ್ಲಿ. ನಾನು ಲ್ಯಾಪ್‌ಟಾಪ್ ಬದಲಾಯಿಸಿದಾಗ ವೈನ್ ಹಾಕಿ ಆ ಫೋಲ್ಡರ್ ತಂದು ಅಂಟಿಸಿದೆ ಅಷ್ಟೇ, ಪ್ರೋಗ್ರಾಂ ತೆಗೆದ್ರೆ ಹಳೇ ಮಷೀನಲ್ಲಿ ಅರ್ಧಕ್ಕೆ ಸೇವ್ ಮಾಡಿ ಬಿಟ್ಟಿದ್ದ ಲೇಬಲ್ ರೀಸೆಂಟ್ ಲಿಸ್ಟಿನ ಮೊದಲ ಸಾಲಲ್ಲೇ ಇತ್ತು.