ಬಿಎಸ್‌ಡಬ್ಲ್ಯೂ ಸೇರುವ ಮುನ್ನ ಫೀಲ್ಡ್ ವರ್ಕ್ ಡೈರಿ ನೋಡಿ

ಪಿಯುಸಿ ಮುಗಿಯಿತು, ಮಗಳಿಗೆ ಸಮಾಜಕಾರ್ಯ ಓದುವಾಸೆ. ಹತ್ತಿರದ ಸಣ್ಣ ವಿಶ್ವವಿದ್ಯಾಲಯದಲ್ಲಿ ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಪದವಿ ಇದೆ. ಸೇರಿಸಬಹುದಾ? ಬ್ರೋಶರ್ ಸುಮ್ನೆ ಪಕ್ಕಕ್ಕಿಡಿ. ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಮನೆಯಲ್ಲೇ ಮುಗಿಸಬಹುದಾದ ಕೆಲಸ ಮೊದಲು. ವಿವಿಗಳಿಗೆ ಮಾನ್ಯತೆ ನೋಡುವ ಯುಜಿಸಿಯ ವೆಬ್‌ಸೈಟಿನ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಿದೆಯೇ ನೋಡಿ. ನಕಲಿ ವಿವಿಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಗುಣಮಟ್ಟ ಅಳೆಯುವ ನ್ಯಾಕ್‌ನ ಗ್ರೇಡ್ ಇಡೀ ಸಂಸ್ಥೆಗೆ ಕೊಡುವಂಥದ್ದು, ಸಮಾಜಕಾರ್ಯ ವಿಭಾಗ ಹೇಗಿದೆ ಎಂದು ಅದು ಹೇಳುವುದಿಲ್ಲ. ಕೋರ್ಸ್ ಎಷ್ಟು ವರ್ಷ ಎಂದೂ ಕೇಳಿ. ರಾಜ್ಯ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ, ಖಾಸಗಿ ವಿವಿಗಳಲ್ಲಿ ಬೇರೆ ಲೆಕ್ಕ ಇರಬಹುದು.

ಈಗ ಮುಖ್ಯ ವಿಷಯ. ಬಿಎಸ್‌ಡಬ್ಲ್ಯೂನಲ್ಲಿ ಫೀಲ್ಡ್ ವರ್ಕ್ ದೊಡ್ಡ ಭಾಗ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಅಂಗನವಾಡಿ, ಸರ್ಕಾರಿ ಆಸ್ಪತ್ರೆ, ಬಾಲಮಂದಿರ, ವೃದ್ಧಾಶ್ರಮ ಹೀಗೆ ಎಲ್ಲಾದರೂ ಹೋಗಬೇಕು. ವಿಭಾಗಕ್ಕೆ ಹೋದಾಗ ಹಿರಿಯ ವಿದ್ಯಾರ್ಥಿಗಳು ಫೀಲ್ಡ್ ವರ್ಕ್ ಬಗ್ಗೆ ಬರೆದಿಟ್ಟ ಡೈರಿ ತೋರಿಸಿ ಎಂದು ಕೇಳಿ. ‘ಜನರ ಹೆಸರಿರುತ್ತದೆ, ಮುಚ್ಚಿ ತೋರಿಸುತ್ತೇವೆ’ ಅಂದರೆ ಖುಷಿಪಡಿ, ಅವರಿಗೆ ಗೋಪ್ಯತೆ ಗೊತ್ತು.

ನಾಲ್ಕು ಡೈರಿಗಳಲ್ಲೂ ‘ಇಂದು ಅಂಗನವಾಡಿಗೆ ಭೇಟಿ ನೀಡಿ ಮಾಹಿತಿ ಪಡೆದೆವು’ ಎಂಬ ಒಂದೇ ಸಾಲಿದ್ದರೆ ಅದು ಕಾಪಿ. ಒಳ್ಳೆಯ ಡೈರಿಯಲ್ಲಿ ಹೀಗಿರುತ್ತದೆ: ‘ಅಜ್ಜಿಗೆ ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ. ನಾಡಕಚೇರಿಗೆ ಕರೆದುಕೊಂಡು ಹೋದೆ.’ ಪಕ್ಕದಲ್ಲಿ ಮೇಷ್ಟ್ರ ಕೆಂಪು ಶಾಯಿ: ‘ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ? ಮುಂದಿನ ವಾರ ಏನು ಮಾಡ್ತೀರಿ?’ ಬರೀ ಸಹಿ ಇದ್ದರೆ ಯಾರೂ ಓದಿಲ್ಲ ಎಂದೇ ಅರ್ಥ.

ಸಣ್ಣ ವಿಭಾಗದ ಲಾಭವೂ ಇಲ್ಲೇ. ಮಕ್ಕಳು ಕಡಿಮೆ ಇದ್ದರೆ ಪ್ರತಿಯೊಬ್ಬರ ಜೊತೆ ಕೂತು ಮಾತಾಡಲು ಮೇಷ್ಟ್ರಿಗೆ ಪುರಸೊತ್ತಿರುತ್ತದೆ. ಆದರೆ ಒಬ್ಬರೇ ಅತಿಥಿ ಉಪನ್ಯಾಸಕರ ಮೇಲೆ ಇಡೀ ವಿಭಾಗ ನಿಂತಿದ್ದರೆ ಕಷ್ಟ. ಅವರು ಬಿಟ್ಟುಹೋದರೆ ಏನು ಗತಿ, ಅಲ್ವಾ? ಕಾಯಂ ಅಧ್ಯಾಪಕರು ಎಷ್ಟು, ಅವರೇ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರಾ ಎಂದು ಸಂಕೋಚವಿಲ್ಲದೆ ಕೇಳಿ. ಬೇರೆ ವಿಷಯದವರು ಪಾಠ ಮಾಡಬಹುದು, ಫೀಲ್ಡ್ ವರ್ಕ್ ತಿದ್ದುವುದು ಅವರಿಗೆ ಕಷ್ಟ.

ಕೆಲಸದ ಮಾತು. ಬಿಎಸ್‌ಡಬ್ಲ್ಯೂ ಒಂದರಿಂದಲೇ ದೊಡ್ಡ ಹುದ್ದೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೊಡ್ಡ ಕಾರ್ಖಾನೆಯಲ್ಲಿ ಕಲ್ಯಾಣ ಅಧಿಕಾರಿ ಇರಬೇಕೆಂದು ಕಾನೂನು ಹೇಳುತ್ತದೆ ನಿಜ, ಆದರೆ ಅಂಥ ಹುದ್ದೆಗೆ ಸಾಮಾನ್ಯವಾಗಿ ಎಂಎಸ್‌ಡಬ್ಲ್ಯೂ ಕೇಳುತ್ತಾರೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಉನ್ನತ ವ್ಯಾಸಂಗ ಮಾಡಲೂ ಅದೇ ಬೇಕು. ಎಷ್ಟೋ ಕಡೆ ಯಾವ ಪದವಿ ಇದ್ದರೂ ಎಂಎಸ್‌ಡಬ್ಲ್ಯೂಗೆ ಸೇರಬಹುದು. ಹಾಗಾಗಿ ಫೀಲ್ಡ್ ವರ್ಕ್ ಸರಿಯಿಲ್ಲದ ಬಿಎಸ್‌ಡಬ್ಲ್ಯೂಗಿಂತ ಒಳ್ಳೆಯ ಬಿಎ ಮೇಲು ಎನ್ನುವುದು ನನ್ನ ಅಭಿಪ್ರಾಯ. ಕಳೆದ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ ಎಂದು ಕೇಳಿ, ಒಬ್ಬಿಬ್ಬರ ಜೊತೆ ಫೋನಲ್ಲಿ ಮಾತಾಡಿ.

ಕೊನೆಗೆ ಖರ್ಚು. ಫೀಸಿನ ಜೊತೆ ಗ್ರಾಮೀಣ ಶಿಬಿರದ ದುಡ್ಡು ಬೇರೆ ಕಟ್ಟಬೇಕಾ ಕೇಳಿ. ವಿದ್ಯಾರ್ಥಿ ಬಸ್ ಪಾಸ್ ಮನೆಯಿಂದ ಕಾಲೇಜಿಗೆ ಮಾತ್ರ. ಫೀಲ್ಡ್ ವರ್ಕ್ ಊರಿನ ಇನ್ನೊಂದು ತುದಿಯಲ್ಲಿದ್ದರೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಹುಡುಗರು ವಾರಕ್ಕೆ ಎರಡು ದಿನ ಕೈಯಿಂದ ಟಿಕೆಟ್ ತೆಗೆಯಬೇಕು.